ಹರಿಯದ ರೊಟ್ಟಿ

ಜನವರಿ 7, ಮಂಗಳವಾರ

ಇವತ್ತು ಸಿರಾ ಬಸ್ ಸ್ಟ್ಯಾಂಡಿನಲ್ಲಿ ಇವರು ನನ್ನ ಕೆನ್ನೆಗೆ ಹೊಡೆದರು. ಮನೆಯೊಳಗೆ ಹೊಡೆಯುವುದು ಹೊಸದೇನಲ್ಲ. ಅದು ನನಗೂ ಗೊತ್ತು, ಹಟ್ಟಿಗೂ ಗೊತ್ತು, ಹಟ್ಟಿಯ ನಾಯಿಗಳಿಗೂ ಗೊತ್ತು. ಆದರೆ ಅಷ್ಟು ಜನರ ನಡುವೆ ಇದೇ ಮೊದಲು. ಸೌತೆಕಾಯಿ ಹೆಚ್ಚುತ್ತಿದ್ದವಳು ಚಾಕು ಹಿಡಿದುಕೊಂಡೇ ನನ್ನನ್ನು ನೋಡುತ್ತ ಕೂತಳು. ನಾನು ಸೆರಗು ಸರಿಮಾಡಿಕೊಂಡು, ಬಸ್ಸಿನ ಬೋರ್ಡು ಓದುವವಳಂತೆ ತಿರುಗಿ ನಿಂತೆ. ಇನ್ನೇನು ಮಾಡಲಿ?

ಮಗಳನ್ನು ತೋರಿಸಲು ತುಮಕೂರಿನ ಆಸ್ಪತ್ರೆಗೆ ಹೋಗಿದ್ದೆವು. ಗೌರಿಗೆ ಆರು ವರ್ಷ, ತೂಕ ಮೂರು ವರ್ಷದ ಮಗುವಿನದು. ಹೊಟ್ಟೆ ಗುಡಾಣ, ಕೈಕಾಲು ಕಡ್ಡಿ. ತಿಂದದ್ದು ಒಂದೋ ವಾಂತಿ, ಇಲ್ಲವೇ ಭೇದಿ. ಹೋದ ತಿಂಗಳು ರಕ್ತ ತೆಗೆದು, ಹೊಟ್ಟೆಯೊಳಗೆ ಕೊಳವೆ ಇಳಿಸಿ ನೋಡಿದ್ದರು. ಇವತ್ತು ಡಾಕ್ಟರಮ್ಮ ಬಿಡಿಸಿ ಹೇಳಿದರು. "ಗೋಧಿಯಲ್ಲಿ ಒಂದು ಅಂಟು ಇದೆ. ಹಿಟ್ಟು ಹರಿಯದ ಹಾಗೆ ಹಿಡಿದಿಡೋದು ಅದೇ. ಆ ಅಂಟು ಈ ಮಗುವಿನ ಕರುಳನ್ನ ಹಾಳು ಮಾಡ್ತಿದೆ. ಗೋಧಿ, ಮೈದಾ, ರವೆ, ಬಿಸ್ಕತ್ತು, ಬ್ರೆಡ್ಡು, ಜೀವಮಾನದಲ್ಲಿ ಮುಟ್ಟಿಸಬೇಡಿ. ಕರುಳು ಮಾಯೋವರೆಗೆ ಹಾಲು, ಮೊಸರು, ತುಪ್ಪನೂ ಬೇಡ. ಏಪ್ರಿಲ್‌ನಲ್ಲಿ ತೂಕ ನೋಡ್ತೀನಿ. ಆಗಲೂ ಏರದಿದ್ದರೆ ಮಗು ಉಳಿಯೋದು ಕಷ್ಟ."

ಮಾಂಸ, ಮೊಟ್ಟೆ ಆಗುತ್ತದಂತೆ. ಆದರೆ ಮಹಾಲಯಕ್ಕೆ ಇವರು ಗೌರಿ ಸಾಕಿಕೊಂಡಿದ್ದ ಕುರಿಮರಿಯನ್ನೇ ಕೊಯ್ದರು, ಅದೂ ಅವಳು ಅಂಗಳದಲ್ಲಿ ನಿಂತಿರುವಾಗ. ಅಂದಿನಿಂದ ಸಾರಿನ ವಾಸನೆ ಬಂದರೆ ಸಾಕು, ಮಗು ಕೊಟ್ಟಿಗೆಗೆ ಓಡಿಹೋಗುತ್ತದೆ. ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಇದನ್ನು ಹೇಳಿದಾಗ ಡಾಕ್ಟರಮ್ಮ, "ಹಾಗಾದರೆ ಶಕ್ತಿ ಕಾಳಿನಿಂದಲೇ ಬರಬೇಕು. ಮುದ್ದೆ, ಅನ್ನದ ಜೊತೆಗೆ ದಿನಾ ಕಡ್ಲೆ ಹಿಟ್ಟಿನ ರೊಟ್ಟಿ ತಟ್ಟಿ ಕೊಡಿ" ಎಂದರು.

ಅಲ್ಲಿನ ನರ್ಸಮ್ಮ ನನ್ನ ಹುಬ್ಬಿನ ಮೇಲಿನ ಹೊಲಿಗೆ ನೋಡಿ ಏನಾಯಿತು ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಇವರು, "ಬಚ್ಚಲಲ್ಲಿ ಜಾರಿ ಬಿದ್ಲು ಕಣಮ್ಮ" ಎಂದರು. ನಾನೂ ತಲೆಯಾಡಿಸಿದೆ.

ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಇವರು ಮಗಳಿಗೆ ಬನ್ನು ಕೊಡಿಸಿದರು. ಡಾಕ್ಟರಮ್ಮನ ಮಾತು ಇವರ ಕಿವಿಯಿಂದ ತುಮಕೂರಿನಲ್ಲೇ ಉದುರಿಹೋಗಿತ್ತು. ನಾನು ಮಗುವಿನ ಬಾಯಿಯಿಂದ ಬನ್ನು ಕಿತ್ತುಕೊಂಡೆ. "ನನ್ ಮಗೀಗೆ ನಾನ್ ತಿನ್ಸೋದ್ನ ಕಿತ್ಕಂತೀಯೇನೇ?" ಎಂದು ಹೊಡೆದರು.

ಇವರಿಗೆ ಕುಡಿಯುವ ಚಟವಿಲ್ಲ, ಬೀಡಿಯೂ ಇಲ್ಲ. ಹೆಸರು ಚಿಕ್ಕರಾಜು, ಕುರಿ ವ್ಯಾಪಾರ. ನೆಪವಿಲ್ಲದೆ ಹೊಡೆಯುತ್ತಾರೆ ಎಂದು ಯಾರೂ ಅನ್ನುವಂತಿಲ್ಲ, ಪ್ರತಿ ಸಲ ಕಷ್ಟಪಟ್ಟು ಒಂದು ನೆಪ ಹುಡುಕಿಕೊಳ್ಳುತ್ತಾರೆ. ಇದು ಗೊಬ್ಬರದ ಅಂಗಡಿಯವರು ಕೊಟ್ಟ ಡೈರಿ. ಇವರು ಓದುವುದಿಲ್ಲ, ಅತ್ತೆಗೆ ಓದಲು ಬರುವುದಿಲ್ಲ. ಆದ್ದರಿಂದ ಧೈರ್ಯವಾಗಿ ಬರೆದಿದ್ದೇನೆ.

ಜನವರಿ 10, ಶುಕ್ರವಾರ

ಮೊದಲ ರೊಟ್ಟಿ. ಕಡ್ಲೆ ಹಿಟ್ಟಿಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ಒಂದು ಚಿಟಿಕೆ ಓಮ, ಉಪ್ಪು ಹಾಕಿ ಕಲಸಿದೆ. ಕಲಸುವಾಗ ಹಿಟ್ಟು ಗೋಂದಿನ ಹಾಗೆ ಕೈಗೆ ಮೆತ್ತಿಕೊಂಡಿತು, ತಟ್ಟುವಾಗ ಮಾತ್ರ ಒಂದಕ್ಕೊಂದು ಹಿಡಿಯಲಿಲ್ಲ. ಒದ್ದೆ ಬಟ್ಟೆಯ ಮೇಲೆ ತಟ್ಟಿ ಹಂಚಿಗೆ ಹಾಕುವಷ್ಟರಲ್ಲಿ ಎರಡು ಹೋಳು, ಮಗುಚುವಷ್ಟರಲ್ಲಿ ಐದು ಹೋಳು. ಚಪಾತಿ ಲಟ್ಟಿಸಿ ಬೆಳೆದ ಕೈ ನನ್ನದು. ಅಮ್ಮನ ಮನೆ ಚನ್ನರಾಯನದುರ್ಗದಲ್ಲಿ ನನ್ನ ಚಪಾತಿ ನೋಡಿಯೇ ಇವರ ಕಡೆಯವರು ಒಪ್ಪಿದ್ದು. ಆ ಕೈಗೆ ಈ ಗತಿ ಬಂತು.

ಆದರೆ ಗೌರಿ ತಿಂದಳು. ಕಡ್ಲೆಕಾಯಿ ಎಣ್ಣೆಯಲ್ಲಿ ಅಂಚು ಗರಿಯಾದ ತುಂಡುಗಳನ್ನೇ ಹುಡುಕಿ ಹುಡುಕಿ ತಿಂದು, "ಹಳದಿ ರೊಟ್ಟಿ ಇನ್ನೊಂದು" ಎಂದಳು. ವಾಂತಿಯಾಗಲಿಲ್ಲ. ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಹಾಲು ಬೇಡ ಎಂದಿದ್ದಕ್ಕೆ ಅತ್ತೆ ರಂಗಕ್ಕನವರಿಗೆ ಮಾತ್ರ ಬಹಳ ನೋವಾಗಿದೆ. ಕರೆದ ಹಾಲಿನ ಚೊಂಬು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದರು. "ಹಾಲು ಹೈನ ಇರೋ ಮನೇಲಿ ಹಾಲು ಕುಡೀದ ಮಗೀನಾ? ಕೇಳ್ದೋರು ಏನಂತಾರೆ ಕಣವ್ವ?" ಎಂದರು. ಕೇಳಿದವರು ಏನೆಂದರೂ ಮಗಳು ನನ್ನವಳು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿಬಿಟ್ಟು ಹೇಳುವ ಧೈರ್ಯ ನನಗೆಲ್ಲಿದೆ.

ಜನವರಿ 15, ಬುಧವಾರ

ಬರೆಯಲು ಬೆರಳು ಮಡಚುತ್ತಿಲ್ಲ. ಆದರೂ ಬರೆಯುತ್ತೇನೆ.

ಈ ಮನೆಯಲ್ಲಿ ಒಂದು ನಡೆ ಇದೆ. ಯಾರಾದರೂ ತೀರಿಕೊಂಡರೆ, ತಿಥಿಯ ದಿನ ಮೊದಲ ರೊಟ್ಟಿಯನ್ನು ಹರಿದು ಕಾಗೆಗೆ ಇಡುತ್ತಾರೆ. ಆದ್ದರಿಂದ ಬದುಕಿರುವವರ ತಟ್ಟೆಗೆ ಹರಿದ ರೊಟ್ಟಿ ಬಡಿಸಬಾರದು. ಒಲೆಯ ಮೇಲೆ ಹರಿದರೆ ಅದು ದನಕ್ಕೆ. ಮದುವೆಯಾಗಿ ಬಂದ ದಿನವೇ ಅತ್ತೆ ಹೇಳಿದ್ದರು. ಕಡ್ಲೆ ರೊಟ್ಟಿಗೂ ಅದೇ ಕಾನೂನು ಎಂದು ನನಗೆ ಹೊಳೆದಿರಲಿಲ್ಲ.

ನಿನ್ನೆ ಸಂಕ್ರಾಂತಿ. ದನಗಳಿಗೆ ಕಿಚ್ಚು ಹಾಯಿಸಿ ಬಂದು ಇವರು ಊಟಕ್ಕೆ ಕೂತರು. ಪಕ್ಕದಲ್ಲಿ ಗೌರಿ. ಅವಳ ತಟ್ಟೆಯಲ್ಲಿ ಹಳದಿ ಚೂರುಗಳು. ಇವರು ಒಂದು ಚೂರು ಎತ್ತಿ ಹಿಡಿದು, "ಇದೇನೇ?" ಎಂದರು. ರೊಟ್ಟಿ ಎಂದೆ. "ಬದುಕಿರೋ ಮಗೀಗೆ ಕಾಗೆ ರೊಟ್ಟಿ ಇಕ್ತೀಯಾ? ನನ್ ಮಗಳು ಸತ್ತೋಗ್ಲಿ ಅಂತಾ?" ತಟ್ಟೆ ಗೋಡೆಗೆ ಹೋಯಿತು. ಆಮೇಲೆ ಕುರಿ ಕಾಯುವ ಕೋಲು ಬಂತು. ಬೆನ್ನಿಗೆ, ತೊಡೆಗೆ, ತಲೆ ಮುಚ್ಚಿಕೊಂಡ ಕೈಗೆ. ನಾನು ಹಿಟ್ಟಿನ ಮೂಟೆಯ ಹಿಂದೆ ಮುದುಡಿಕೊಂಡೆ.

ಅತ್ತೆ ಅಡ್ಡ ಬಂದರು. "ಸಾಕು ಬುಡ್ಲಾ, ಸತ್ತೋಯ್ತಾಳೆ ಬುಡ್ಲಾ" ಎಂದು ನನ್ನ ಮೇಲೆ ಬಿದ್ದುಕೊಂಡರು. ಕೊನೆಯ ಪೆಟ್ಟು ಅವರ ಹೆಗಲಿಗೆ ಬಿತ್ತು. ಕೋಲು ಕೆಳಗಿಟ್ಟ ಮೇಲೆ ಅವರೇ ನನ್ನ ಬೆನ್ನಿಗೆ ಬಿಸಿ ಎಣ್ಣೆ ಹಚ್ಚಿದರು. ನಾನು ಅವರ ಹೆಗಲಿಗೆ ಹಚ್ಚಲು ಹೋದರೆ, "ನಂದು ಇರ್ಲಿ ಬುಡವ್ವ, ಹಳೇ ಮೂಳೆ" ಎಂದರು.

ಜನವರಿ 21, ಮಂಗಳವಾರ

ಮತ್ತೆ ಹರಿಯಿತು. ಮತ್ತೆ ಬಿತ್ತು.

ಅಣ್ಣ ಅಂಜಿನಮೂರ್ತಿಗೆ ಫೋನ್ ಮಾಡಿದೆ. ಪಾವಗಡದ ಹತ್ತಿರ, ವಳ್ಳೂರಿನ ಸೋಲಾರ್ ಪಾರ್ಕಿನಲ್ಲಿ ಕಾವಲು ಕೆಲಸ ಅವನದು. "ಒಸಿ ಹೊಂದ್ಕೊಂಡು ಹೋಗು ಕಣಮ್ಮ, ಎಲ್ರ ಮನೇಲೂ ಇರ್ತದೆ" ಎಂದ. ಗಾಜಿನ ಹಲಗೆಗಳನ್ನು ಯಾರೂ ಮುಟ್ಟದಂತೆ ಕಾಯುತ್ತಾನೆ, ತಂಗಿಯನ್ನು ಕಾಯಲು ಅವನಿಗೆ ಪುರುಸೊತ್ತಿಲ್ಲ.

ಜನವರಿ 29, ಬುಧವಾರ

ಹರಿಯಲಿಲ್ಲ! ಇವತ್ತು ಒಂದೂ ಹರಿಯಲಿಲ್ಲ!

ಅದೇ ಹಿಟ್ಟು, ಅದೇ ನೀರು, ಅದೇ ಬಟ್ಟೆ. ತಟ್ಟಿದ ಹಾಗೆಲ್ಲ ಹಿಗ್ಗಿತು. ಹಂಚಿನ ಮೇಲೆ ಹುಣ್ಣಿಮೆ ಚಂದ್ರನ ಹಾಗೆ ಗುಂಡಗೆ ಕೂತಿತು. ಕೈ ಪಳಗಿತು ಎಂದು ಕಾಣುತ್ತದೆ. ಹಾಡುತ್ತ ಹಾಡುತ್ತ ರಾಗ ಎಂದು ಸುಮ್ಮನೆ ಹೇಳುತ್ತಾರೆಯೇ? ಅತ್ತೆಗೆ ತೋರಿಸಿದೆ. "ನಿನ್ ಕೈ ಗುಣ ಕಣವ್ವ" ಎಂದು ಅವರು ಎಲೆ ಅಡಿಕೆ ಚೀಲ ಬಿಚ್ಚಿಕೊಂಡು ಕೊಟ್ಟಿಗೆಯ ಕಡೆ ಹೋದರು. ಇವರು ತಟ್ಟೆ ನೋಡಿ ಏನೂ ಅನ್ನಲಿಲ್ಲ. ಇವರ ಬಾಯಲ್ಲಿ ಏನೂ ಅನ್ನದಿರುವುದೇ ಹೊಗಳಿಕೆ. ನಾನು ಬಹಳ ದಿನದ ಮೇಲೆ ತಲೆ ಬಾಚಿ ಹೂ ಮುಡಿದೆ.

ಫೆಬ್ರವರಿ 9, ಭಾನುವಾರ

ಮನೆ ತಣ್ಣಗಿದೆ, ಆದರೆ ಗೌರಿ ತಣ್ಣಗಿಲ್ಲ. ನಾಲ್ಕೈದು ದಿನದಿಂದ ಮತ್ತೆ ವಾಂತಿ. ಹೊಟ್ಟೆ ಮತ್ತೆ ಉಬ್ಬಿದೆ. ರೊಟ್ಟಿ ಇಷ್ಟು ಚೆನ್ನಾಗಿ ಬರುತ್ತಿರುವಾಗ ಹೀಗೇಕೆ? "ಮೊದಲು ಹರಿದ ರೊಟ್ಟಿ ತಿಂದಳಲ್ಲ, ಅದರ ದೋಷ ಈಗ ಕಾಡ್ತೈತೆ" ಎಂದು ಅತ್ತೆ ಹೇಳುತ್ತಾರೆ. ಮಗುವಿಗೆ ದೃಷ್ಟಿ ತೆಗೆದರು. ನನಗೆ ಹೆದರಿಕೆಯಾಗುತ್ತಿದೆ.

ಫೆಬ್ರವರಿ 17, ಸೋಮವಾರ

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಕೂಗಾಡಿಬಿಟ್ಟರು. "ಎಲ್ಲೋ ಗೋಧಿ ಹೋಗ್ತಿದೆ. ಅದೇ ಹಂಚು, ಅದೇ ಮಿಲ್ಲು, ಅದೇ ಸೌಟು, ಎಲ್ಲ ನೋಡಿ. ಒಂದು ಚಿಟಿಕೆ ಸಾಕು. ನೀವೇ ಮಗುವನ್ನ ಕೊಲ್ತಿದೀರಿ" ಎಂದರು. ನಾನಾ? ನನ್ನ ಮಗುವನ್ನು ನಾನಾ?

ಮನೆಯಲ್ಲಿದ್ದ ಗೋಧಿ ಹಿಟ್ಟಿನ ಡಬ್ಬ, ರವೆ, ಶ್ಯಾವಿಗೆ, ಎಲ್ಲವನ್ನೂ ಎಮ್ಮೆಗೆ ಸುರಿದೆ. ಹಂಚನ್ನು ಬೂದಿ ಹಾಕಿ ರಕ್ತ ಬರುವಂತೆ ಉಜ್ಜಿದೆ. ಹಂಚಿನ ರಕ್ತವಲ್ಲ, ನನ್ನ ಬೆರಳಿನದು.

ಫೆಬ್ರವರಿ 19, ಬುಧವಾರ

ಮಿಲ್ಲಿನ ಕದಿರಯ್ಯನ ಹಣೆ ಒಡೆದು ಬಂದೆ.

ಬೇರೆ ಯಾರಿರಲು ಸಾಧ್ಯ? ಎಲ್ಲರ ಗೋಧಿಯೂ ಅವನ ಕಲ್ಲಿಗೇ ಬೀಳುವುದು. ಬೆಳಿಗ್ಗೆ ಹೋದೆ. ಅವನು ತಲೆಗೆ ಟವೆಲು ಕಟ್ಟಿಕೊಂಡು, ಮೈಯೆಲ್ಲ ಹಿಟ್ಟು ಮಾಡಿಕೊಂಡು ನಿಂತಿದ್ದ. "ನಿಮ್ ಕಡ್ಲೆ ದಿನಾ ಮೊದ್ಲು ಬೀಸ್ತೀನಿ ಅನ್ಸೂಯಮ್ಮ, ಕಲ್ಲು ಬಿಚ್ಚಿ ಒರ್ಸಿ. ನನ್ ಮೊಮ್ಮಗಳಾಣೆ" ಎಂದ. ಆಣೆ ಇಟ್ಟ ತಕ್ಷಣ ನನಗೆ ಏನಾಯಿತೋ. ತಕ್ಕಡಿಯ ಪಕ್ಕದಲ್ಲಿದ್ದ ತೂಕದ ಕಲ್ಲು ಎತ್ತಿ ಬೀಸಿದೆ. ಹುಬ್ಬಿನ ಮೇಲೆ ಬಿತ್ತು. ಬಿಳಿ ಮುಖದಲ್ಲಿ ರಕ್ತ ಇಳಿಯುವುದು ಚೆನ್ನಾಗಿ ಕಾಣಿಸಿತು. ಸರದಿಯಲ್ಲಿದ್ದ ಹೆಂಗಸರು ಗೋಡೆಗೆ ಒತ್ತಿಕೊಂಡು ನನಗೆ ದಾರಿ ಬಿಟ್ಟರು.

ಹೀಗೆ ಯಾರಾದರೂ ನನಗೆ ದಾರಿ ಬಿಟ್ಟಿದ್ದು ಇದೇ ಮೊದಲು. ಮನೆಗೆ ಬರುವವರೆಗೂ ಹಿತವಾಗಿತ್ತು. ಸುಳ್ಳೇಕೆ ಬರೆಯಲಿ. ಇನ್ನು ಮೇಲೆ ಕಡ್ಲೆಯನ್ನು ಮನೆಯ ಬೀಸುವ ಕಲ್ಲಿನಲ್ಲೇ ಬೀಸುತ್ತೇನೆ.

ಫೆಬ್ರವರಿ 26, ಬುಧವಾರ

ಶಿವರಾತ್ರಿ. ಗೌರಿ ಪಕ್ಕದ ಮನೆಯ ಹುಡುಗಿಯಿಂದ ಬಿಸ್ಕತ್ತು ಇಸಿದುಕೊಂಡಿದ್ದಳು. ಬಾಯಿಗೆ ಬೆರಳು ಹಾಕಿ ತೆಗೆದೆ. ಕಚ್ಚಿದಳು. ಒಂದೇ ಒಂದು ಪೆಟ್ಟು ಕೊಟ್ಟೆ, ಬೆನ್ನಿಗೆ. ಎರಡಿರಬಹುದು. ಹೊಡೆಯದೆ ಮಕ್ಕಳು ಕಲಿಯುತ್ತವೆಯೇ? ಕೊಲ್ಲುವ ಬಿಸ್ಕತ್ತಿಗಿಂತ ಉಳಿಸುವ ಪೆಟ್ಟು ಮೇಲು. ಅವಳು ಅಜ್ಜಿಯ ಸೀರೆಯೊಳಗೆ ತಲೆ ಇಟ್ಟುಕೊಂಡು ಮಲಗಿದ್ದಾಳೆ.

ಇಷ್ಟು ಮಾಡಿದರೂ ವಾಂತಿ ನಿಂತಿಲ್ಲ.

ಮಾರ್ಚ್ 4, ಮಂಗಳವಾರ

ಇವತ್ತಿನದು ವಿವರವಾಗಿ ಬರೆಯಬೇಕು.

ಗೌರಿ ಹಾಸಿಗೆಯಲ್ಲೇ ಭೇದಿ ಮಾಡಿಕೊಂಡಿದ್ದಳು. ಇವನು ಮೂಗು ಮುಚ್ಚಿಕೊಂಡು ಒಲೆಯ ಹತ್ತಿರ ಬಂದ. "ದಿನಾ ಕಡ್ಲೆ ಕಡ್ಲೆ ಅಂತ ಮಗೀನ ಒಣಗಿಸಿ ಕಡ್ಡಿ ಮಾಡ್ಬುಟ್ಟೆ. ನಾಳೆಯಿಂದ ಹಾಲು ಕುಡಿಸ್ತೀನಿ, ಯಾವಳು ಅಡ್ಡ ಬತ್ತಾಳೆ ನೋಡ್ತೀನಿ" ಎಂದು ನನ್ನ ಜಡೆಗೆ ಕೈ ಹಾಕಿದ. ನಾನು ಆಗ ರೊಟ್ಟಿ ಮಗುಚುತ್ತಿದ್ದೆ. ಕಬ್ಬಿಣದ ಮಗುಚುವ ಕೈ ಹಂಚಿನ ಮೇಲೇ ಇತ್ತು, ಸುಡುಸುಡು ಕಾದಿತ್ತು. ತಿರುಗಿ ಅವನ ಮುಂಗೈಗೆ ಒತ್ತಿದೆ. ತಾಗಿಸಲಿಲ್ಲ, ಒತ್ತಿದೆ. ಚರ್ಮ ಸುಟ್ಟ ವಾಸನೆ ಬರುವವರೆಗೆ ತೆಗೆಯಲಿಲ್ಲ.

ಕುರಿ ಕಿರುಚಿದ ಹಾಗೆ ಕಿರುಚಿದ. ಎಂಟು ವರ್ಷ ನನ್ನನ್ನು ಕಿರುಚಿಸಿದ ಬಾಯಿ ಅದು. "ಇನ್ನೊಂದ್ ಸಲ ಒಲೆ ಹತ್ರ ಬಂದ್ರೆ ಮುಖಕ್ಕೆ ಇಡ್ತೀನಿ" ಎಂದೆ. ಬಾಗಿಲ ಹೊರಗೆ ಹೋಗಿ ಕೂತ. ಅತ್ತೆ ಓಡಿಬಂದು ಅವನ ಕೈಗೆ ಬೆಣ್ಣೆ ಹಚ್ಚಿದರು. ನಾನು ಹಂಚಿನ ಮೇಲಿದ್ದ ರೊಟ್ಟಿ ತೆಗೆದೆ. ಸೀದಿರಲಿಲ್ಲ.

ಮಾರ್ಚ್ 9, ಭಾನುವಾರ

ಕಳ್ಳ ಸಿಕ್ಕ. ಕಳ್ಳನಲ್ಲ, ಕಳ್ಳಿ.

ಬೆಳಿಗ್ಗೆ ಹಿಟ್ಟಿನ ಬೋಗುಣಿ ಒಲೆಯ ಪಕ್ಕದಲ್ಲಿಟ್ಟು ನೀರು ಹಿಡಿಯಲು ಹೋದೆ. ನಲ್ಲಿಯಲ್ಲಿ ನೀರು ಬಂದಿರಲಿಲ್ಲ, ಬೇಗ ವಾಪಸ್ಸು ಬಂದೆ. ಮುದುಕಿ ಬೋಗುಣಿಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತಿದ್ದಳು. ಸೊಂಟದ ಎಲೆ ಅಡಿಕೆ ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆದಳು. ಬಿಳಿ ಹಿಟ್ಟು. ನನ್ನ ಹಳದಿ ಹಿಟ್ಟಿನ ಮೇಲೆ ಉದುರಿಸಿ ಬೆರಳಲ್ಲಿ ಬೆರೆಸಿದಳು. ಗೋಧಿ.

ಗೋಡೆಗೆ ಒರಗಿಸಿದ್ದ ಮುದ್ದೆ ಕೋಲು ನನ್ನ ಕೈಗೆ ಹೇಗೆ ಬಂತೋ ಗೊತ್ತಿಲ್ಲ. "ಹಿಟ್ಟಿಗೆ ಕೈ ಇಕ್ತೀಯಾ? ಇಕ್ತೀಯಾ? ಇನ್ನೊಂದ್ ಸಲ ಇಕ್ತೀಯಾ?" ಒಂದೊಂದು ಮಾತಿಗೆ ಒಂದೊಂದು ಪೆಟ್ಟು. ಅವಳು ಕೈ ಅಡ್ಡ ಹಿಡಿದಳು. ಮಣಿಕಟ್ಟಿನಲ್ಲಿ ಒಣ ಸೌದೆ ಮುರಿದಂಥ ಸದ್ದಾಯಿತು. ಆಮೇಲೂ ನಿಲ್ಲಿಸಲಾಗಲಿಲ್ಲ. ಗೌರಿ ಹೊಸ್ತಿಲಲ್ಲಿ ನಿಂತು, "ಅಜ್ಜಿ, ಅಜ್ಜಿ" ಎನ್ನುತ್ತಿದ್ದಳು. ಇವನು ಅಂಗಳದಲ್ಲಿದ್ದ, ಒಳಗೆ ಬರಲಿಲ್ಲ.

ಮುದುಕಿ ನೆಲದಲ್ಲಿ ಬಿದ್ದುಕೊಂಡೇ ಹೇಳಿದಳು. "ರೊಟ್ಟಿ ಹರೀತಾ ಇದ್ವಲ್ಲವ್ವ. ಹರ್ದಾಗೆಲ್ಲ ಅವ್ನು ನಿನ್ನ ಅಂಗ್ ಹೊಡೀತಿದ್ದ. ನೋಡಕ್ಕಾಗ್ದೆ ಒಂದ್ ಹಿಡಿ ಹಾಕ್ದೆ. ಮಗೀಗೂ ಕಾಗೆ ರೊಟ್ಟಿ ದೋಸ ತಟ್ಟದೆ ಇರ್ಲಿ ಅಂತ. ನೀನು ಡಬ್ಬ ಖಾಲಿ ಮಾಡಿದ್ಮ್ಯಾಕೆ ಪಕ್ಕದ್ ಮನೇಲಿ ಇಸ್ಕಂಡೆ. ಒಂದೇ ಹಿಡಿ ಕಣವ್ವ. ಒಂದ್ ಹಿಡಿ ಏನ್ ಮಾಡ್ತದೆ ಅಂದ್ಕಂಡೆ."

ನೆಪ. ಈ ಮನೆಯಲ್ಲಿ ಎಲ್ಲರ ಹತ್ತಿರವೂ ನೆಪ ಇರುತ್ತದೆ.

ಅಂದರೆ ಜನವರಿಯಲ್ಲಿ ಪಳಗಿದ್ದು ನನ್ನ ಕೈಯಲ್ಲ. ನನಗೆ ಬಹಳ ನೋವಾಗಿದ್ದು ಅದಕ್ಕೇ. ಕದಿರಯ್ಯನದೂ ತಪ್ಪಿರಲಿಲ್ಲ. ಇರಲಿ, ಮುಂದಕ್ಕೆ ಹುಷಾರಾಗಿರುತ್ತಾನೆ.

ಮಾರ್ಚ್ 10, ಸೋಮವಾರ

ಸಿರಾದ ಆಸ್ಪತ್ರೆಯಲ್ಲಿ ಮುದುಕಿಯ ಕೈಗೆ ಪ್ಲಾಸ್ಟರ್ ಹಾಕಿಸಿದೆವು. ಹಿಟ್ಟಿನ ಹಾಗೆ ಬಿಳಿ. ಹೇಗಾಯಿತು ಎಂದು ಕೇಳಿದರು. "ಕೊಟ್ಟಿಗೆಯಲ್ಲಿ ಜಾರಿ ಬಿದ್ರು" ಎಂದೆ. ಅವಳೂ ತಲೆಯಾಡಿಸಿದಳು. ಇವನು ಬಾಗಿಲ ಹತ್ತಿರ ತನ್ನ ಸುಟ್ಟ ಕೈ ನೋಡಿಕೊಳ್ಳುತ್ತ ನಿಂತಿದ್ದ.

ಬಸ್ಸಿನಲ್ಲಿ ಗೌರಿಗೂ ಹೇಳಿದೆ, ಯಾರಾದರೂ ಕೇಳಿದರೆ ಅಜ್ಜಿ ಬಿದ್ದಳು ಅನ್ನಬೇಕು ಎಂದು. ಹೂಂ ಎಂದಳು. ಜಾಣೆ, ಒಂದು ಸಲ ಹೇಳಿದರೆ ಸಾಕು.

ಮಾರ್ಚ್ 18, ಮಂಗಳವಾರ

ವಾಂತಿ ನಿಂತು ಒಂದು ವಾರವಾಯಿತು. ಗೌರಿ ಬೆಳಿಗ್ಗೆ ಎದ್ದು ತಾನೇ ಹಸಿವು ಎಂದಳು. ಹಸಿವು ಎನ್ನುವ ಮಾತನ್ನು ಅವಳ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತು!

ರೊಟ್ಟಿ ಮಾತ್ರ ಮತ್ತೆ ಹರಿಯುತ್ತಿತ್ತು. ಇವತ್ತು ಮುದುಕಿ ಮೂಲೆಯಿಂದ, ನನ್ನ ಮುಖ ನೋಡದೆ, ಮೆಲ್ಲಗೆ ಹೇಳಿದಳು. "ಅಗಸೆ ಬೀಜ ಪುಡಿ ಮಾಡಿ ಬಿಸ್ನೀರಲ್ಲಿ ನೆನೆ ಹಾಕವ್ವ. ಲೋಳೆ ಬತ್ತದೆ. ಅದ್ನ ಹಿಟ್ಗಾಕಿ ಕಲಸಿ, ಒಸಿ ಹೊತ್ತು ಬುಟ್ಟು ತಟ್ಟು. ನಮ್ಮವ್ವ ನವಣೆ ರೊಟ್ಟಿಗೆ ಅಂಗ್ ಮಾಡ್ತಿತ್ತು." ಹಾಗೇ ಮಾಡಿದೆ. ಬಟ್ಟೆಯಿಂದ ಹಂಚಿಗೆ ಇಳಿಯಿತು, ಹಂಚಿನಿಂದ ತಟ್ಟೆಗೆ ಇಳಿಯಿತು, ಎಲ್ಲೂ ಬಿರುಕಿಲ್ಲ.

"ಇದನ್ನ ಮೊದ್ಲೇ ಹೇಳೋಕೆ ಏನ್ ಬಂದಿತ್ತು?" ಎಂದು ಗದರಿದೆ. "ನೆಪ್ಪಾಗ್ಲಿಲ್ಲವ್ವ. ಏಟು ಬೀಳೋ ಮನೇಲಿ ನೆಪ್ಪು ಎಲ್ಲಿರ್ತದೆ" ಎಂದಳು. ವಯಸ್ಸಾಯಿತು, ಮರೆವು ಇದ್ದದ್ದೇ.

ಮಾರ್ಚ್ 24, ಸೋಮವಾರ

ಗೌರಿ ಈಗ ಆಡುವಷ್ಟು ಗಟ್ಟಿಯಾಗಿದ್ದಾಳೆ. ಅಂಗಳದಲ್ಲಿ ಮಣ್ಣಿನ ರೊಟ್ಟಿ ತಟ್ಟುತ್ತಿದ್ದಳು. ಎದುರಿಗೆ ಬಟ್ಟೆಯ ಗೊಂಬೆ. ಅದರ ಒಂದು ಕೈಗೆ ಬಿಳಿ ಚಿಂದಿ ಸುತ್ತಿದ್ದಳು. ಮಣ್ಣಿನ ರೊಟ್ಟಿ ಒಡೆಯಿತು. ತಕ್ಷಣ ಕಡ್ಡಿ ತೆಗೆದುಕೊಂಡು ಗೊಂಬೆಗೆ ಬಾರಿಸತೊಡಗಿದಳು. "ಹಿಟ್ಟಿಗೆ ಕೈ ಇಕ್ತೀಯಾ? ಇಕ್ತೀಯಾ?" ಹಲ್ಲು ಕಚ್ಚಿಕೊಂಡು, ಕಣ್ಣು ಚಿಕ್ಕದು ಮಾಡಿಕೊಂಡು, ಗೊಂಬೆಯ ಹತ್ತಿ ಆಚೆ ಬರುವವರೆಗೆ.

ಥೇಟ್ ಅವರಪ್ಪ. ರಕ್ತ ಎಲ್ಲಿಗೆ ಹೋಗುತ್ತದೆ.

ಮಾರ್ಚ್ 30, ಭಾನುವಾರ

ಯುಗಾದಿ. ಹೋಳಿಗೆ ಇಲ್ಲ. ಗೋಧಿ ಈ ಹೊಸ್ತಿಲು ದಾಟುವುದಿಲ್ಲ ಎಂದು ಹೇಳಿದ್ದೇನೆ, ದಾಟಲಿಲ್ಲ. ಬೇವು ಬೆಲ್ಲ ತಿಂದು, ಎಲ್ಲರೂ ಹಳದಿ ರೊಟ್ಟಿ, ಹುಚ್ಚೆಳ್ಳಿನ ಚಟ್ನಿ ತಿಂದೆವು. ಇವನು ಕೈ ತೊಳೆದುಕೊಂಡು ಬಂದು, "ಕೂತ್ಕಳ್ಳಾ?" ಎಂದು ಕೇಳಿದ. ತನ್ನ ಮನೆಯಲ್ಲಿ ಊಟಕ್ಕೆ ಕೂರಲು ನನ್ನನ್ನು ಕೇಳಿದ! ನಗು ತಡೆದುಕೊಂಡು, "ಕೂತ್ಕ" ಎಂದೆ.

ಮುದುಕಿಗೆ ಎಡಗೈಯಲ್ಲಿ ತಿನ್ನಲು ಬರುವುದಿಲ್ಲ. ಗೌರಿ ತುತ್ತು ಮಾಡಿ ಇಟ್ಟಳು. ಹೆಚ್ಚು ಹೊತ್ತು ಹಿಡಿಯಿತು. ನಾನು ಮಗುಚುವ ಕೈಯನ್ನು ಹಂಚಿನ ಅಂಚಿಗೆ ಒಮ್ಮೆ ಬಡಿದೆ, ಅಷ್ಟೇ, ಹಿಟ್ಟು ಉದುರಲಿ ಎಂದು. ಮೂವರೂ ತಲೆ ಬಗ್ಗಿಸಿ ಬೇಗ ಬೇಗ ತಿಂದರು. ಜಗಳವಿಲ್ಲ, ಕೂಗಾಟವಿಲ್ಲ. ಇಷ್ಟು ವರ್ಷದಲ್ಲಿ ಇಂಥ ನೆಮ್ಮದಿಯ ಹಬ್ಬ ನೋಡಿರಲಿಲ್ಲ.

ಏಪ್ರಿಲ್ 8, ಮಂಗಳವಾರ

ಗೌರಿ ಅರ್ಧ ರೊಟ್ಟಿಯನ್ನು ನಾಯಿಗೆ ಹಾಕಿದ್ದಳು. ಶುಕ್ರವಾರ ತೂಕ ನೋಡುತ್ತಾರೆ, ಇವಳಿಗೆ ಈಗ ನಾಯಿಯ ಮೇಲೆ ಪ್ರೀತಿ. ತೋಳು ಹಿಡಿದು ಕೂರಿಸಿ ಪೂರ್ತಿ ತಿನ್ನಿಸಿದೆ. ಅಳಲಿಲ್ಲ. ಈಗೀಗ ಅವಳು ಅಳುವುದನ್ನೇ ಬಿಟ್ಟಿದ್ದಾಳೆ, ದೊಡ್ಡವಳಾಗುತ್ತಿದ್ದಾಳೆ.

ಏಪ್ರಿಲ್ 11, ಶುಕ್ರವಾರ

ನನ್ನ ಮಗಳು ಉಳಿದಳು! ತೂಕದ ಮುಳ್ಳು ಏರಿದ್ದನ್ನು ನನ್ನ ಕಣ್ಣಾರೆ ಕಂಡೆ. ಡಾಕ್ಟರಮ್ಮ ಎರಡು ಸಲ ನಿಲ್ಲಿಸಿ ನೋಡಿದರು. ಕೆನ್ನೆ ಮುಟ್ಟಿ, ಕಣ್ಣಿನ ರೆಪ್ಪೆ ಎಳೆದು ನೋಡಿ, "ರಕ್ತ ತುಂಬಿದೆ, ಇನ್ನು ಭಯವಿಲ್ಲ. ಏನು ಮಾಡಿದ್ರಮ್ಮ?" ಎಂದರು. ರೊಟ್ಟಿ ಮಾಡಿದೆ ಎಂದೆ. ಅಗಸೆ ಲೋಳೆ ಹಾಕುವುದನ್ನು ಹೇಳಿದಾಗ ಬರೆದುಕೊಂಡರು. ಬೇರೆ ತಾಯಂದಿರಿಗೆ ಹೇಳುತ್ತಾರಂತೆ. ನನಗೆ ಆಕಾಶ ಮೂರೇ ಗೇಣು.

ಇವನು ಬಂದಿರಲಿಲ್ಲ. ಕರೆಯಲೂ ಇಲ್ಲ. ಸಿರಾ ಬಸ್ ಸ್ಟ್ಯಾಂಡಿನಲ್ಲಿ ಅದೇ ಜಾಗದಲ್ಲಿ ಕೂತು ಬುತ್ತಿ ಬಿಚ್ಚಿದೆವು. ಅದೇ ಸೌತೆಕಾಯಿಯವಳು ಇದ್ದಳು. ನನ್ನ ಗುರುತು ಹತ್ತಲಿಲ್ಲ, ಹತ್ತುವುದು ಹೇಗೆ? ಅವತ್ತಿನವಳು ಬಸ್ಸಿನ ಬೋರ್ಡು ಓದುತ್ತ ನಿಂತಿದ್ದಳು. ಗೌರಿ ಹಳದಿ ರೊಟ್ಟಿಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ನೋಡಿದಳು. "ಅಮ್ಮ, ಹರಿದಿಲ್ಲ" ಎಂದು ನನಗೆ ತೋರಿಸಿದಳು. ಆಮೇಲೆ, ನಾನು ತಿನ್ನು ಎನ್ನುವ ಮೊದಲೇ, ಒಂದು ಚೂರೂ ಬಿಡದೆ ತಿಂದು, ಖಾಲಿ ಕೈ ಬಿಡಿಸಿ ತೋರಿಸಿದಳು.

ಇನ್ನೊಂದು ಬರೆಯುವುದು ಮರೆತಿದ್ದೆ. ಅಂಥದ್ದೇನೂ ಅಲ್ಲ. ತೂಕ ಮಾಡಲು ಫ್ರಾಕು ತೆಗೆಸಿದಾಗ ಅದೇ ನರ್ಸಮ್ಮ ಇವಳ ತೋಳಿನ ಮೇಲೆ ಹಸಿರುಗಟ್ಟಿದ ಬೆರಳಿನ ಗುರುತು ನೋಡಿ, "ಇದೇನು ಪುಟ್ಟಿ, ಹೇಗಾಯ್ತು?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಗೌರಿ, "ಬಚ್ಚಲಲ್ಲಿ ಜಾರಿ ಬಿದ್ದೆ" ಎಂದಳು. ನಾನೂ ತಲೆಯಾಡಿಸಿದೆ.